ಹೊರಗಿನ ಎಣ್ಣೆಗೆ ಬದಲಿ: ಸಂಶೋಧನೆಗೆ ಯಾವ ದಾರಿ ಆರಿಸಿಕೊಳ್ಳಬೇಕು?

ಶಕ್ತಿ ವಿಷಯದಲ್ಲಿ ಎಂ.ಟೆಕ್ ಪ್ರಾಜೆಕ್ಟ್ ಅಥವಾ ಪಿಎಚ್‌ಡಿ ಮಾಡಬೇಕು ಅಂತ ಬರುವವರನ್ನು ಕೇಳಿ ನೋಡಿ, ತುಂಬ ಜನ ಮೊದಲು ಹೇಳುವುದು ಸೋಲಾರ್. ಯಾಕೆ ಅಂದರೆ, ‘ದೇಶ ಎಣ್ಣೆಗೆ ಹೊರಗಿನವರನ್ನೇ ನಂಬಿಕೊಂಡಿದೆ ಅಲ್ವಾ, ಅದು ತಪ್ಪಬೇಕು’ ಅನ್ನುತ್ತಾರೆ. ಕಾಳಜಿ ನಿಜವಾದದ್ದೇ. ಭಾರತ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ಪಾಲು ಹಡಗಿನಲ್ಲಿ ಬರುತ್ತದೆ. ಆದರೆ ಸೋಲಾರ್ ಪ್ಯಾನೆಲ್ ಕೊಡುವುದು ಕರೆಂಟ್. ನಮ್ಮಲ್ಲಿ ಎಣ್ಣೆ ಉರಿಸಿ ಕರೆಂಟ್ ಮಾಡುವ ಸ್ಥಾವರಗಳು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಪ್ಯಾನೆಲ್ ಹಾಕಿದರೆ ಉಳಿಯುವುದು ಮುಖ್ಯವಾಗಿ ಕಲ್ಲಿದ್ದಲು. ಅದೂ ಬೇಕಾದ ಕೆಲಸವೇ. ಎಣ್ಣೆಯ ಹಡಗು ಮಾತ್ರ ಬರುತ್ತಲೇ ಇರುತ್ತದೆ.

ಹಾಗಾಗಿ ವಿಷಯ ಆರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ಸಂಶೋಧನೆ ಗೆದ್ದರೆ ಯಾವ ಎಣ್ಣೆ ಉಳಿಯುತ್ತದೆ? ಡೀಸೆಲ್ಲಾ, ಪೆಟ್ರೋಲಾ, ಅಡುಗೆ ಗ್ಯಾಸಾ? 2023-24ರಲ್ಲಿ ದೇಶ ಬಳಸಿದ ಪೆಟ್ರೋಲಿಯಂ ಸರಕು ಒಟ್ಟು ಸುಮಾರು 23 ಕೋಟಿ ಟನ್. ಅದರಲ್ಲಿ ಡೀಸೆಲ್ ಒಂದೇ ಹತ್ತಿರ ಹತ್ತಿರ 9 ಕೋಟಿ ಟನ್. ಪೆಟ್ರೋಲ್ 3.7 ಕೋಟಿ, ಅಡುಗೆ ಗ್ಯಾಸ್ ಸುಮಾರು 3 ಕೋಟಿ. ಪೇಪರಿನಲ್ಲಿ, ಟಿವಿಯಲ್ಲಿ ಮಾತಾಡುವುದೆಲ್ಲ ಪೆಟ್ರೋಲಿನ ಬಗ್ಗೆ. ದೊಡ್ಡ ಹೊರೆ ಇರುವುದು ಡೀಸೆಲ್ ಮೇಲೆ. ಈ ಮೂರು ಅಂಕಿಗಳನ್ನು ಮೇಜಿನ ಮುಂದೆ ಅಂಟಿಸಿಕೊಂಡರೂ ತಪ್ಪಿಲ್ಲ.

ಇನ್ನೂ ಎರಡು ಪ್ರಶ್ನೆಗಳಿವೆ. ಎಣ್ಣೆ ಬೆಲೆ ಇಳಿದ ವರ್ಷ ಈ ಸಂಶೋಧನೆ ಬದುಕುತ್ತದಾ? ಒಬ್ಬರ ಹಂಗು ತಪ್ಪಿಸಿಕೊಂಡು ಇನ್ನೊಬ್ಬರ ಹಂಗಿಗೆ ಬೀಳುತ್ತೇವಾ? ಈ ಮೂರನ್ನೂ ಇಟ್ಟುಕೊಂಡು ಒಂದೊಂದೇ ದಾರಿ ನೋಡೋಣ. ಅದಕ್ಕೂ ಮೊದಲು, ಐವತ್ತು ವರ್ಷದ ಹಿಂದೆ ಇದೇ ಕಷ್ಟಕ್ಕೆ ಸಿಕ್ಕಿದ ದೇಶಗಳು ಏನು ಮಾಡಿದವು ಅಂತ ಸ್ವಲ್ಪ ತಿಳಿಯಬೇಕು.

ಡೆನ್ಮಾರ್ಕ್, ಜಪಾನ್, ಅಮೆರಿಕ

1973ರ ಅಕ್ಟೋಬರ್‌ನಲ್ಲಿ ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಎಣ್ಣೆ 1974ರ ಜನವರಿ ಹೊತ್ತಿಗೆ 12 ಡಾಲರ್ ಹತ್ತಿರ ಹೋಯಿತು. ಡೆನ್ಮಾರ್ಕಿಗೆ ಆಗ ಬೇಕಾಗಿದ್ದ ಶಕ್ತಿಯಲ್ಲಿ ನೂರಕ್ಕೆ 90ರಷ್ಟು ಹೊರಗಿನ ಎಣ್ಣೆಯಿಂದಲೇ ಬರುತ್ತಿತ್ತು. ಭಾನುವಾರ ಕಾರು ಓಡಿಸಬಾರದು ಅಂತ ಸರ್ಕಾರ ನಿಷೇಧ ಹಾಕಿತು. ಇಲ್ಲೊಂದು ಗಮನಿಸಬೇಕು. ಆಗ ಡೆನ್ಮಾರ್ಕಿನ ಕರೆಂಟ್ ಕೂಡ ಬಹುಪಾಲು ಎಣ್ಣೆಯಿಂದಲೇ ತಯಾರಾಗುತ್ತಿತ್ತು. ಆದ್ದರಿಂದ ಗಾಳಿಯಂತ್ರದ ಮೇಲೆ ಸಂಶೋಧನೆ ಮಾಡಿದ್ದು ಅವರಿಗೆ ನೇರವಾಗಿ ಎಣ್ಣೆಯ ಪ್ರಶ್ನೆಗೇ ಉತ್ತರ. ಅವರ ದಾರಿಯನ್ನು ಕಣ್ಣುಮುಚ್ಚಿ ಇಲ್ಲಿಗೆ ತರುವವರು ಈ ಒಂದು ವಿಷಯ ಮರೆಯುತ್ತಾರೆ. ಇನ್ನೊಂದು ಮಾತೂ ಇದೆ. ಗಾಳಿ ಬೆಳೆಯುವುದಕ್ಕೆ ಕಾಲ ಹಿಡಿಯಿತು. ಅವರ ವಿದ್ಯುತ್ ಸ್ಥಾವರಗಳಲ್ಲಿ ಎಣ್ಣೆಯ ಜಾಗಕ್ಕೆ ಮೊದಲು ಬಂದದ್ದು ಕಲ್ಲಿದ್ದಲು.

ಆದರೆ ಅವರು ಸಂಶೋಧನೆ ನಡೆಸಿದ ರೀತಿಯಿಂದ ಕಲಿಯುವುದು ಬಹಳ ಇದೆ. ಕ್ರಿಸ್ಟಿಯನ್ ರೀಸಾಗರ್ ಅನ್ನುವ ಬಡಗಿಯೊಬ್ಬರು 1970ರ ದಶಕದ ಮಧ್ಯದಲ್ಲಿ 22 ಕಿಲೋವ್ಯಾಟ್‌ನ ಚಿಕ್ಕ ಗಾಳಿಯಂತ್ರ ಕಟ್ಟಿ ಮಾರತೊಡಗಿದರು. ಅಂಥ ಸಣ್ಣ ತಯಾರಕರು ಹಲವರು ಹುಟ್ಟಿಕೊಂಡರು. 1978ರಲ್ಲಿ ರಿಸೋ ಎಂಬಲ್ಲಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಈ ಸಣ್ಣ ಯಂತ್ರಗಳಿಗೆ ಪರೀಕ್ಷಾ ಕೇಂದ್ರ ಶುರುವಾಯಿತು. ಮುಂದಿನ ವರ್ಷ ಸರ್ಕಾರ ಯಂತ್ರದ ಬೆಲೆಯ ನೂರಕ್ಕೆ 30ರಷ್ಟು ಸಹಾಯಧನ ಕೊಡತೊಡಗಿತು. ರಿಸೋ ಪಾಸು ಮಾಡಿದ ಯಂತ್ರಕ್ಕೆ ಮಾತ್ರ ಆ ಹಣ. ಎಲ್ಲ ಕಂಪನಿಗಳ ಯಂತ್ರಗಳೂ ಒಂದೇ ಕಡೆ ಪರೀಕ್ಷೆಗೆ ಬಂದದ್ದರಿಂದ ಯಾವುದರ ರೆಕ್ಕೆ ಮುರಿಯುತ್ತದೆ, ಯಾವುದರ ಬ್ರೇಕ್ ಹಿಡಿಯುವುದಿಲ್ಲ ಅನ್ನುವ ಜ್ಞಾನ ಒಂದು ಕಡೆ ಸೇರಿತು.

ಅದೇ ಹೊತ್ತಿಗೆ ಪಕ್ಕದ ಜರ್ಮನಿ ಗ್ರೋವಿಯಾನ್ ಅನ್ನುವ 3 ಮೆಗಾವ್ಯಾಟ್‌ನ ದೈತ್ಯ ಯಂತ್ರವನ್ನು ಒಂದೇ ಏಟಿಗೆ ಕಟ್ಟಿ ನಿಲ್ಲಿಸಿತು. 1983ರಲ್ಲಿ ಶುರುವಾದ ಅದು 1987ರಲ್ಲಿ ನಿಲ್ಲುವವರೆಗೆ ಒಟ್ಟು ಓಡಿದ್ದು ಸುಮಾರು 420 ಗಂಟೆ. ಡೆನ್ಮಾರ್ಕಿನಲ್ಲಿ ಇವತ್ತು ಅರ್ಧಕ್ಕಿಂತ ಜಾಸ್ತಿ ಕರೆಂಟ್ ಗಾಳಿಯದು. ವಿಷಯ ಯಾವುದೇ ಆಗಲಿ, ಸಣ್ಣದಾಗಿ ಕಟ್ಟಿ, ಬಳಸುವವರ ಕೈಗೆ ಕೊಟ್ಟು, ಕೆಟ್ಟದ್ದನ್ನು ಬರೆದಿಟ್ಟುಕೊಳ್ಳುವ ಪ್ರಯೋಗಾಲಯ ಸಿಕ್ಕರೆ ಬಿಡಬೇಡಿ.

ಜಪಾನ್ 1974ರಲ್ಲಿ ಸನ್‌ಶೈನ್ ಯೋಜನೆ ಶುರು ಮಾಡಿತು. ಸೂರ್ಯ, ಭೂಮಿಯೊಳಗಿನ ಶಾಖ, ಕಲ್ಲಿದ್ದಲಿನಿಂದ ಎಣ್ಣೆ, ಹೈಡ್ರೋಜನ್ ಎಲ್ಲವೂ ಅದರಲ್ಲಿತ್ತು. 1981ರಲ್ಲಿ ಕಾಗಾವಾ ಪ್ರಾಂತ್ಯದ ನಿಯೋ ಎಂಬಲ್ಲಿ ಕನ್ನಡಿಗಳಿಂದ ಬಿಸಿಲು ಹಿಡಿದು ಹಬೆ ಎಬ್ಬಿಸಿ ಕರೆಂಟ್ ಮಾಡುವ ಸ್ಥಾವರ ಕಟ್ಟಿದರು. ಕನ್ನಡಿಗೆ ನೇರ ಬಿಸಿಲು ಬೇಕು. ಅಲ್ಲಿನ ಮೋಡದ ಆಕಾಶದಲ್ಲಿ ನಿರೀಕ್ಷಿಸಿದಷ್ಟು ಕರೆಂಟ್ ಬರಲೇ ಇಲ್ಲ. ಸ್ಥಾವರ ಮುಚ್ಚಿತು. ಸಿಲಿಕಾನ್ ಸೌರಕೋಶದ ಸಂಶೋಧನೆ ಮಾತ್ರ ಉಳಿಯಿತು. ಮನೆ ಮಾಳಿಗೆಗೆ ಅದು ಇನ್ನೂ ದುಬಾರಿಯಾಗಿದ್ದಾಗ ಜೇಬಿನ ಕ್ಯಾಲ್ಕ್ಯುಲೇಟರಿಗೆ ಮಾರಾಟವಾಯಿತು. ಆ ಸಣ್ಣ ಮಾರುಕಟ್ಟೆ ಅದನ್ನು ಕಷ್ಟದ ವರ್ಷಗಳಲ್ಲಿ ದಾಟಿಸಿತು.

ಕಷ್ಟದ ವರ್ಷ ಅಂದರೆ ಎಣ್ಣೆ ಅಗ್ಗವಾದ ವರ್ಷ. 1986ರಲ್ಲಿ ಎಣ್ಣೆ ಬೆಲೆ ಕುಸಿದಾಗ ಎಷ್ಟೋ ದೇಶಗಳಲ್ಲಿ ಸಂಶೋಧನೆಯ ಹಣ ಬತ್ತಿಹೋಯಿತು. ಲಿಥಿಯಂ ಬ್ಯಾಟರಿಯ ಕಥೆಯೂ ಹೀಗೇ. ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಮೊದಲ ಲಿಥಿಯಂ ಬ್ಯಾಟರಿ ಮಾಡಿದ್ದು 1970ರ ದಶಕದಲ್ಲಿ, ಅದೂ ಎಕ್ಸಾನ್ ಎಂಬ ಅಮೆರಿಕದ ಎಣ್ಣೆ ಕಂಪನಿಯ ಪ್ರಯೋಗಾಲಯದಲ್ಲಿ. ಕಂಪನಿ ಅದನ್ನು 1980ರ ದಶಕದ ಮೊದಲಲ್ಲೇ ಕೈಬಿಟ್ಟಿತು. ಜಾನ್ ಗುಡೆನಫ್ ಮತ್ತು ಅಕಿರಾ ಯೋಶಿನೊ ಅದನ್ನು ಮುಂದಕ್ಕೆ ಒಯ್ದರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಬಂತು.

ಎಥನಾಲ್

ಪೆಟ್ರೋಲಿಗೆ ಬದಲಿ ಅಂದಾಗ ಎಲ್ಲರೂ ಹೇಳುವ ಹೆಸರು ಬ್ರೆಜಿಲ್. 1975ರಲ್ಲಿ ಬ್ರೆಜಿಲ್ ತನಗೆ ಬೇಕಾದ ಎಣ್ಣೆಯಲ್ಲಿ ನೂರಕ್ಕೆ 80ರಷ್ಟನ್ನು ಹೊರಗಿನಿಂದ ತರಿಸುತ್ತಿತ್ತು. ಸಕ್ಕರೆ ಬೆಲೆ ಬಿದ್ದು ಕಾರ್ಖಾನೆಗಳೂ ಕಂಗಾಲಾಗಿದ್ದವು. ಆ ವರ್ಷದ ನವೆಂಬರಿನಲ್ಲಿ, ಕಬ್ಬಿನಿಂದ ಎಥನಾಲ್ ಮಾಡಿ ಪೆಟ್ರೋಲಿನ ಜಾಗಕ್ಕೆ ತರುವ ಪ್ರೊಆಲ್ಕೂಲ್ ಯೋಜನೆ ಬಂತು. 1979ರಲ್ಲಿ ಪೂರ್ತಿ ಎಥನಾಲಿನಲ್ಲೇ ಓಡುವ ಫಿಯೆಟ್ 147 ಕಾರು ಬಂತು. 1980ರ ದಶಕದ ಮಧ್ಯದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಎಥನಾಲಿನವೇ.

ಇಲ್ಲಿಗೆ ಕಥೆ ನಿಲ್ಲಿಸಿ ಚಪ್ಪಾಳೆ ತಟ್ಟುವವರು ಜಾಸ್ತಿ. ಮುಂದಿನದ್ದು ಇನ್ನೂ ಮುಖ್ಯ. ಎಣ್ಣೆ ಅಗ್ಗವಾಯಿತು, ಸಕ್ಕರೆ ಬೆಲೆ ಏರಿತು. ಕಾರ್ಖಾನೆಗಳು ಸಕ್ಕರೆ ಕಡೆ ತಿರುಗಿದವು. 1989-90ರಲ್ಲಿ ಬಂಕ್‌ಗಳಲ್ಲಿ ಎಥನಾಲ್ ಸಿಗದೆ ಜನ ಸಾಲಿನಲ್ಲಿ ನಿಂತರು. ಎಥನಾಲ್ ಕಾರು ಕೊಂಡವರು ಸಿಕ್ಕಿಹಾಕಿಕೊಂಡರು. ಅಲ್ಲಿಂದ ಆ ಕಾರುಗಳ ಮಾರಾಟ ನೆಲಕಚ್ಚಿತು. ಮತ್ತೆ ಎದ್ದದ್ದು 2003ರಲ್ಲಿ, ಯಾವ ಪ್ರಮಾಣದಲ್ಲಿ ಬೆರೆಸಿದರೂ ಓಡುವ ಫ್ಲೆಕ್ಸ್ ಕಾರು ಬಂದ ಮೇಲೆ. ಹೊಗೆಕೊಳವೆಯಲ್ಲಿನ ಆಮ್ಲಜನಕ ಸೆನ್ಸರ್ ಹೇಳಿದ್ದನ್ನು ಓದಿ, ಟ್ಯಾಂಕಿನಲ್ಲಿ ಎಥನಾಲ್ ಎಷ್ಟಿದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಆ ಕೆಲಸ ಮಾಡಿತು. ಯಾವ ಇಂಧನ ಅಗ್ಗವೋ ಅದನ್ನು ಹಾಕಿಸಿಕೊಳ್ಳುವ ಸ್ವಾತಂತ್ರ್ಯ ಜನರಿಗೆ ಬಂತು. ಇಂಧನದ ಸಮಸ್ಯೆಗೆ ಎಂಜಿನ್ ಕಡೆಯಿಂದ ಉತ್ತರ ಸಿಕ್ಕಿತು. 2025ರ ಆಗಸ್ಟ್‌ನಿಂದ ಅಲ್ಲಿ ಮಾಮೂಲಿ ಪೆಟ್ರೋಲಿಗೇ ನೂರಕ್ಕೆ 30ರಷ್ಟು ಎಥನಾಲ್ ಬೆರೆಸುತ್ತಾರೆ.

ಕೃಷಿ ಓದಿದವರು ಇನ್ನೊಂದನ್ನೂ ತಿಳಿಯಬೇಕು. ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಪಾದಲ್ಲಿ ಯೊಹಾನಾ ಡೋಬರೈನರ್ ಎಂಬ ವಿಜ್ಞಾನಿ ಕಬ್ಬಿನ ಬೇರಿನಲ್ಲಿದ್ದು ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಬ್ರೆಜಿಲ್ ಕಬ್ಬಿಗೆ ಹಾಕುವ ಯೂರಿಯಾ ಕಡಿಮೆ. ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ಕಾರ್ಖಾನೆಗೆ ಬೇಕಾದ ಹಬೆ ಕಬ್ಬಿನ ಸಿಪ್ಪೆಯಿಂದ ಬರುತ್ತದೆ. ಹಾಗಾಗಿಯೇ ಅಲ್ಲಿ ಲೆಕ್ಕ ಕೂಡಿಬಂತು.

ಮಂಡ್ಯದ ಕಬ್ಬು ನಿಂತಿರುವುದು ವಿಶ್ವೇಶ್ವರಯ್ಯ ನಾಲೆಯ ನೀರಿನ ಮೇಲೆ. ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ. ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ 2021ರ ನೀತಿ ಆಯೋಗದ ವರದಿಯೇ ಹೇಳಿದೆ. ಮಳೆ ಕೈಕೊಟ್ಟ 2023ರಲ್ಲಿ ಸಕ್ಕರೆ ಸಾಲದೆ ಹೋದೀತು ಅಂತ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ಕೇಂದ್ರ ಸರ್ಕಾರ ಡಿಸೆಂಬರಿನಲ್ಲಿ ಕಡಿವಾಣ ಹಾಕಿತು. ಡಿಸ್ಟಿಲರಿಗಳು ಮೆಕ್ಕೆಜೋಳಕ್ಕೆ ತಿರುಗಿದವು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಆಮದು ಮಾಡಿಕೊಂಡಿತು. ಕೋಳಿ ಸಾಕುವವರು ಮೇವಿನ ಬೆಲೆಗೆ ಕಣ್ಣೀರು ಹಾಕಿದರು. ಎಣ್ಣೆಯ ಹಂಗು ಕಡಿಮೆಯಾಗಿ ಕಾಳಿನ ಹಂಗು ಬಂತು.

ನಮ್ಮ ದೇಶ 2025ರಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವುದರಲ್ಲಿ ನೂರಕ್ಕೆ 20 ಮುಟ್ಟಿದೆ. ಅದು ಸಣ್ಣ ಸಾಧನೆಯಲ್ಲ. ಆದರೆ ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ ಮಾತ್ರ. ಬೈಕಿನ ಮೈಲೇಜ್ ಇಳಿಯಿತು ಅಂತ ಜನ ಹೇಳಿದರೆ ಅದು ಸುಮ್ನೆ ದೂರು ಅಲ್ಲ. ಈ ದಾರಿ ಆರಿಸುವವರು ಕಬ್ಬಿನ ರಸ ಹುದುಗಿಸುವ ಹಳೆಯ ಕೆಲಸ ಬಿಟ್ಟುಬಿಡಿ. ಅದು ಆಗಿಹೋಗಿದೆ. ಹುಲ್ಲು, ಹತ್ತಿ ಕಡ್ಡಿ, ಜೋಳದ ದಂಟಿನಿಂದ ಎಥನಾಲ್ ತೆಗೆಯುವುದು ಇನ್ನೂ ಬಗೆಹರಿಯದ ವಿಷಯ. ಪಾಣಿಪತ್‌ನಲ್ಲಿ 2022ರಲ್ಲಿ ಶುರುವಾದ ಸ್ಥಾವರವನ್ನು ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ತೆಗೆಯುವುದಕ್ಕೆ ಕಟ್ಟಿದ್ದಾರೆ. ಹುಲ್ಲಿನ ಜೊತೆ ಮಣ್ಣು ಬರುತ್ತದೆ, ಸಿಲಿಕಾ ಬರುತ್ತದೆ. ಕೊಯ್ಲಿನ ಕೆಲವೇ ವಾರಗಳಲ್ಲಿ ವರ್ಷದ ದಾಸ್ತಾನು ಮಾಡಿಕೊಳ್ಳಬೇಕು. ಹುಲ್ಲನ್ನು ಒಡೆದು ಸಕ್ಕರೆ ಮಾಡುವ ಕಿಣ್ವ (ಎನ್‌ಜೈಮ್) ದುಬಾರಿ. ಇಲ್ಲಿ ರಸಾಯನ ಗೊತ್ತಿದ್ದವರಿಗೂ ಯಂತ್ರ ಗೊತ್ತಿದ್ದವರಿಗೂ ಕೈತುಂಬ ಕೆಲಸ ಇದೆ.

ಹೊಂಗೆ ಮತ್ತು ಜಟ್ರೋಫಾ

ಡೀಸೆಲ್‌ಗೆ ಬದಲಿ ಅಂತ 2003ರ ಆಸುಪಾಸಿನಲ್ಲಿ ದೇಶವೆಲ್ಲ ಜಟ್ರೋಫಾ ಎಂಬ ಎಣ್ಣೆಬೀಜದ ಗಿಡದ ಗುಂಗು ಹತ್ತಿಸಿಕೊಂಡಿತ್ತು. ಬಂಜರಿನಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಬೆಳೆಯುತ್ತದೆ ಅಂತ ನೆಡಿಸಿದರು. ಗಿಡ ಬದುಕಿತು, ಬೀಜ ಬರಲಿಲ್ಲ. ಬರದಲ್ಲಿ ಬದುಕುವುದೇ ಬೇರೆ, ಬರದಲ್ಲಿ ಫಸಲು ಕೊಡುವುದೇ ಬೇರೆ. ತಳಿ ಆರಿಸುವ ಸಂಶೋಧನೆ ಮೊದಲು ಆಗಬೇಕಿತ್ತು, ನಾಟಿ ಆಮೇಲೆ. ಎರಡೂ ತಿರುವುಮುರುವಾದವು. ನಂಬಿ ನೆಟ್ಟ ರೈತರ ವರ್ಷಗಳು ಹೋದವು, ಅದು ನನಗೆ ಇವತ್ತಿಗೂ ಬೇಸರ.

ಹೊಂಗೆಯ ಕಥೆ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯನ್ನೇ ನೇರವಾಗಿ ಡೀಸೆಲ್ ಎಂಜಿನ್ನಿಗೆ ಹಾಕಿ ಓಡಿಸಿ ತೋರಿಸಿದರು. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಉದ್ಯಾನ ಕಟ್ಟಿ ಬದುವಿನ ಮೇಲೆ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಬೆಳೆಸುವುದನ್ನು ಹಳ್ಳಿಗಳಿಗೆ ಒಯ್ದಿತು. ಹೊಂಗೆ ನಮ್ಮದೇ ಮರ. ದನ ಮೇಯುವುದಿಲ್ಲ, ಹಿಂಡಿ ಗೊಬ್ಬರವಾಗುತ್ತದೆ, ಊಟದ ಎಣ್ಣೆಯ ಜೊತೆ ಪೈಪೋಟಿ ಇಲ್ಲ.

ಆದರೂ ಒಂದು ಲೆಕ್ಕ ಹಾಕಿ. ಒಂದು ಮರಕ್ಕೆ ವರ್ಷಕ್ಕೆ 20 ಕಿಲೋ ಬೀಜ, ಗಾಣದಲ್ಲಿ 5 ಲೀಟರ್ ಎಣ್ಣೆ ಅಂತ ಇಟ್ಟುಕೊಳ್ಳಿ. ದೇಶದ ಡೀಸೆಲ್‌ನಲ್ಲಿ ನೂರಕ್ಕೆ ಒಂದು ಪಾಲು ಉಳಿಸಬೇಕಾದರೆ ಸುಮಾರು 108 ಕೋಟಿ ಲೀಟರ್ ಎಣ್ಣೆ ಬೇಕು. ಅಂದರೆ ಸುಮಾರು 22 ಕೋಟಿ ಮರ. ಅಷ್ಟು ಮರದ ಕಾಯಿ ಆರಿಸುವ ಕೈಗಳು ಎಲ್ಲಿವೆ? ಇದು ಒಂದು ಊರಿನ ಪಂಪ್‌ಸೆಟ್ಟಿಗೆ, ಒಂದು ಪಂಚಾಯಿತಿಯ ಟ್ರ್ಯಾಕ್ಟರಿಗೆ ಚೆನ್ನಾಗಿ ಹೊಂದುವ ವಿಷಯ. ತಳಿ, ಕಸಿ, ಕಾಯಿ ಸುಲಿಯುವ ಸಣ್ಣ ಯಂತ್ರ, ಇವುಗಳಲ್ಲಿ ಆಸಕ್ತಿ ಇದ್ದವರು ಖಂಡಿತ ಹಿಡಿಯಬಹುದು. ದೇಶದ ಹೆದ್ದಾರಿಯ ಲಾರಿಗಳನ್ನು ಇದರಲ್ಲಿ ಓಡಿಸುತ್ತೇನೆ ಅಂತ ಹೊರಡಬೇಡಿ.

ಗೋಬರ್ ಗ್ಯಾಸ್: ಪುರ ಹಳ್ಳಿಯ ಪಾಠ

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿ ಶಕ್ತಿ ಸಂಶೋಧನೆಯ ಜಗತ್ತಿನಲ್ಲಿ ಹೆಸರಾದ ಊರು. ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಆ ತಂಡ ಪುರದಲ್ಲಿ ಮೊದಲು ಅಂದುಕೊಂಡದ್ದು ಊರಿಗೆಲ್ಲ ಅಡುಗೆ ಗ್ಯಾಸ್. ಅದಕ್ಕೆ ಸಾಕಾಗುವಷ್ಟು ಸಗಣಿ ಊರಲ್ಲಿ ಇರಲಿಲ್ಲ, ಯೋಜನೆ ನಿಂತಿತು. ಆಮೇಲೆ ಜನರನ್ನು ಕೇಳಿದಾಗ ಅವರಿಗೆ ಮೊದಲು ಬೇಕಾದದ್ದು ನೀರು ಅಂತ ಗೊತ್ತಾಯಿತು. 1987ರಿಂದ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು, ಸ್ವಲ್ಪ ಡೀಸೆಲ್ ಜೊತೆ ಓಡಿಸಿ, ಕರೆಂಟ್ ಮಾಡಿ, ಕೊಳವೆಬಾವಿಯಿಂದ ನೀರೆತ್ತಿ ಮನೆಗಳಿಗೆ ಕೊಟ್ಟರು. ದೀಪವೂ ಬಂತು.

ನಡೆಸಿದ ರೀತಿ ನೋಡಿ. ಬೆಳಗ್ಗೆ ಹೆಂಗಸರು, ಮಕ್ಕಳು ಸಗಣಿ ತರುತ್ತಿದ್ದರು. ತಕ್ಕಡಿಯಲ್ಲಿ ತೂಗಿ ಮನೆಯ ಹೆಸರಿಗೆ ಬರೆದುಕೊಳ್ಳುತ್ತಿದ್ದರು. ಹೊತ್ತು ತಂದ ಕೂಲಿ ಅಂತ ಕಿಲೋಗೆ 2 ಪೈಸೆ. ಗ್ಯಾಸ್ ಹೋದ ಮೇಲೆ ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಯಾರು ಎಷ್ಟು ಸಗಣಿ ಕೊಟ್ಟಿದ್ದರೋ ಅವರಿಗೆ ಅದಕ್ಕೆ ತಕ್ಕಂತೆ ಗೊಬ್ಬರ ವಾಪಸ್. ತಿಪ್ಪೆಯ ಗೊಬ್ಬರ ಹೋಯಿತು ಅನ್ನುವ ಅಳುಕು ಯಾರಿಗೂ ಉಳಿಯಲಿಲ್ಲ. ಎಂಜಿನ್ನಿನಷ್ಟೇ ತಕ್ಕಡಿ, ಪುಸ್ತಕ, ಮರಳು ಹಾಸು ಕೂಡ ಈ ಸಂಶೋಧನೆಯ ಭಾಗ.

ಇವತ್ತು ಇದೇ ಗ್ಯಾಸನ್ನು ಶುದ್ಧ ಮಾಡಿ, ಒತ್ತಡದಲ್ಲಿ ತುಂಬಿ ವಾಹನಕ್ಕೆ ಕೊಡುವ ಯೋಜನೆ ಇದೆ. 2018ರಲ್ಲಿ 5,000 ಸ್ಥಾವರಗಳ ಗುರಿ ಹಾಕಿಕೊಂಡರು. ಗುರಿಗೂ ಆಗಿರುವುದಕ್ಕೂ ಬಹಳ ದೂರ. ಸ್ಥಾವರದವರ ತಲೆನೋವು ಒಂದೇ ಬಗೆಯದು. ಕಚ್ಚಾ ವಸ್ತು ವರ್ಷವಿಡೀ ಒಂದೇ ಗುಣದಲ್ಲಿ ಸಿಗುವುದಿಲ್ಲ, ಬಗ್ಗಡ ಕೊಳ್ಳುವವರಿಲ್ಲ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ), ಹಸಿ ಕಸ, ನೇಪಿಯರ್ ಹುಲ್ಲು ಬೆರೆಸಿದಾಗ ಒಳಗಿನ ಸೂಕ್ಷ್ಮಜೀವಿಗಳು ಹೇಗೆ ನಡೆದುಕೊಳ್ಳುತ್ತವೆ, ಬಗ್ಗಡವನ್ನು ರೈತ ದುಡ್ಡು ಕೊಟ್ಟು ಕೊಳ್ಳುವ ಗೊಬ್ಬರ ಮಾಡುವುದು ಹೇಗೆ, ಇವು ಒಳ್ಳೆಯ ಪಿಎಚ್‌ಡಿ ವಿಷಯಗಳು. ಲಿಥಿಯಂ ಬೇಡ, ಕಿಣ್ವ ಬೇಡ, ಹಂಗು ಯಾರದ್ದೂ ಇಲ್ಲ. ನನ್ನ ಲೆಕ್ಕದಲ್ಲಿ ಅರ್ಹತೆಗಿಂತ ಕಡಿಮೆ ಗಮನ ಸಿಕ್ಕಿರುವ ದಾರಿ ಇದು.

ಬ್ಯಾಟರಿ

ನಮ್ಮ ಪೆಟ್ರೋಲ್ ಯಾರು ಕುಡಿಯುತ್ತಾರೆ? 2013ರಲ್ಲಿ ಕೇಂದ್ರ ಸರ್ಕಾರ ಮಾಡಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 61ರಷ್ಟು ಪೆಟ್ರೋಲ್ ದ್ವಿಚಕ್ರ ವಾಹನಗಳಿಗೇ ಹೋಗುತ್ತಿತ್ತು. ಸ್ಕೂಟರಿಗೆ ಬ್ಯಾಟರಿ ಹೊಂದುತ್ತದೆ. ದಿನಕ್ಕೆ ಓಡುವ ದೂರ ಕಡಿಮೆ, ರಾತ್ರಿ ಮನೆಯಲ್ಲೇ ಚಾರ್ಜ್ ಆಗುತ್ತದೆ. ಬೆಂಗಳೂರಿನಲ್ಲಿ 2001ರಲ್ಲೇ ರೇವಾ ಕಾರು ರಸ್ತೆಗಿಳಿದಿತ್ತು. ಈಗ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳು ಊರಲ್ಲೇ ಇವೆ. ಸೋಲಾರ್ ಓದಬೇಕು ಅನ್ನುವ ಆಸೆ ಇದ್ದವರಿಗೂ ಇದೇ ಬಾಗಿಲು. ಬಿಸಿಲಿನ ಕರೆಂಟ್ ಪೆಟ್ರೋಲಿನ ಜಾಗಕ್ಕೆ ಬರಬೇಕಾದರೆ ನಡುವೆ ಬ್ಯಾಟರಿ ಇರಲೇಬೇಕು.

ಚೀನಾ 1993ರಲ್ಲಿ ಎಣ್ಣೆ ಆಮದು ಮಾಡುವ ದೇಶವಾಯಿತು. 2001ರಲ್ಲಿ ಎಲೆಕ್ಟ್ರಿಕ್ ವಾಹನಗಳನ್ನು ರಾಷ್ಟ್ರೀಯ ಸಂಶೋಧನಾ ಯೋಜನೆಗೆ ಸೇರಿಸಿತು. 2024ರ ಹೊತ್ತಿಗೆ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಹತ್ತಿರ ಹತ್ತಿರ ಅರ್ಧ ಬ್ಯಾಟರಿ ಇರುವಂಥವು. ಇಪ್ಪತ್ತು ವರ್ಷಕ್ಕೂ ಮೀರಿದ ಪಟ್ಟು ಅದು. ಅದರ ಇನ್ನೊಂದು ಮುಖವೂ ಇದೆ. ಜಗತ್ತಿನ ಲಿಥಿಯಂ ಸೆಲ್‌ಗಳಲ್ಲಿ ಮುಕ್ಕಾಲಿಗೂ ಜಾಸ್ತಿ ಈಗ ಅಲ್ಲೇ ತಯಾರಾಗುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರಿಗೆ ಬೇಕಾದ ವಿರಳ ಲೋಹದ (ರೇರ್ ಅರ್ತ್) ಅಯಸ್ಕಾಂತಗಳ ರಫ್ತಿಗೆ ಕಟ್ಟುಪಾಡು ಹಾಕಿದಾಗ ನಮ್ಮ ಸ್ಕೂಟರ್ ಕಂಪನಿಗಳಿಗೆ ಬಿಸಿ ತಟ್ಟಿತು. ಮೂರನೆಯ ಪ್ರಶ್ನೆ ಇಲ್ಲಿ ಬಲವಾಗಿ ನಿಲ್ಲುತ್ತದೆ.

ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂತ 2020ರಲ್ಲಿ ಸಂಭ್ರಮಪಟ್ಟೆವು. ಮೊದಲು ಕೇಳಿಬಂದ ಅಂದಾಜು 14,100 ಟನ್. ಆಮೇಲೆ ಅದು 1,600 ಟನ್‌ಗೆ ಇಳಿಯಿತು. ಅದನ್ನು ನೆಚ್ಚಿಕೊಂಡು ದೇಶ ಕೂರುವಂತಿಲ್ಲ. ಆದ್ದರಿಂದ ಈ ದಾರಿಯಲ್ಲಿ ನಾನು ಹೇಳುವುದು ಇಷ್ಟು: ಉಪ್ಪಿನಲ್ಲಿ ಸಿಗುವ ಸೋಡಿಯಂ ಬಳಸುವ ಬ್ಯಾಟರಿ, ಹಳೆಯ ಬ್ಯಾಟರಿಯಿಂದ ಲೋಹ ವಾಪಸ್ ತೆಗೆಯುವುದು, ವಿರಳ ಲೋಹದ ಅಯಸ್ಕಾಂತ ಬೇಡದ ಮೋಟಾರು, ಕಲಬುರಗಿ ರಾಯಚೂರಿನ ಬಿಸಿಲಿನಲ್ಲಿ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಅನ್ನುವ ಅಧ್ಯಯನ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸೋಡಿಯಂ ಬ್ಯಾಟರಿಯ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಲಿಥಿಯಂ ಸೆಲ್ಲನ್ನೇ ಇನ್ನಷ್ಟು ಸುಧಾರಿಸುವ ಓಟದಲ್ಲಿ ತಡವಾಗಿ ಸೇರಿ ಗೆಲ್ಲುವುದು ಕಷ್ಟ.

ಡೀಸೆಲ್ ಮಾತ್ರ ಬ್ಯಾಟರಿಗೆ ಸುಲಭವಾಗಿ ಬಗ್ಗುವುದಿಲ್ಲ. ಹೊರೆ ತುಂಬಿದ ಲಾರಿ ದಿನಗಟ್ಟಲೆ ಓಡುತ್ತದೆ. ಬ್ಯಾಟರಿಯ ತೂಕ ಹೆಚ್ಚಿದಷ್ಟೂ ಸರಕಿನ ತೂಕ ಕಡಿಮೆ. ಅಂದಹಾಗೆ, ನಮ್ಮಲ್ಲಿ ಡೀಸೆಲ್ ಉಳಿಸಿದ ದೊಡ್ಡ ಕೆಲಸಗಳಲ್ಲಿ ಒಂದು ರೈಲು ಮಾರ್ಗದ ವಿದ್ಯುದೀಕರಣ. ಅದಕ್ಕೆ ಹೊಸ ವಿಜ್ಞಾನವೇ ಬೇಕಾಗಲಿಲ್ಲ. ಲಾರಿಯ ಸರಕನ್ನು ರೈಲಿಗೆ ತರುವುದು ಹೇಗೆ ಅನ್ನುವುದೂ ಎಣ್ಣೆ ಉಳಿಸುವ ಸಂಶೋಧನೆಯೇ. ಅರ್ಥಶಾಸ್ತ್ರದವರು, ಸಾರಿಗೆ ಯೋಜನೆಯವರು ಇದನ್ನು ಕೈಗೆತ್ತಿಕೊಳ್ಳಬೇಕು.

ಹೈಡ್ರೋಜನ್

ಈಗ ಹಣ ಹರಿಯುತ್ತಿರುವುದು ಇಲ್ಲಿ. 2023ರ ಜನವರಿಯಲ್ಲಿ ಒಪ್ಪಿಗೆಯಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೆ ಇಟ್ಟದ್ದು 400 ಕೋಟಿ. ಹಣ ಇರುವ ಕಡೆ ಫೆಲೋಶಿಪ್ ಇರುತ್ತದೆ, ಅದು ವಿದ್ಯಾರ್ಥಿಗೆ ಮುಖ್ಯ. ಆದರೆ ಲೆಕ್ಕ ಬಿಡಬಾರದು. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡುವುದಕ್ಕೆ 50ರಿಂದ 55 ಯೂನಿಟ್ ಕರೆಂಟ್ ಬೇಕು. ಆ ಕಿಲೋದಲ್ಲಿ ಬಳಸಲು ಸಿಗುವುದು ಸುಮಾರು 33 ಯೂನಿಟ್. ಅದನ್ನು ಒತ್ತಿ ತುಂಬಿ, ಸಾಗಿಸಿ, ಕಾರಿನಲ್ಲಿ ಮತ್ತೆ ಕರೆಂಟ್ ಮಾಡುವಷ್ಟರಲ್ಲಿ ಮೊದಲಿನ ನೂರು ಯೂನಿಟ್‌ನಲ್ಲಿ ಚಕ್ರಕ್ಕೆ ಮುಟ್ಟುವುದು ಮೂವತ್ತರ ಆಸುಪಾಸು. ಅದೇ ನೂರು ಯೂನಿಟ್ ಬ್ಯಾಟರಿಗೆ ಹೋದರೆ ಎಪ್ಪತ್ತಕ್ಕೂ ಜಾಸ್ತಿ ಚಕ್ರಕ್ಕೆ ಸಿಗುತ್ತದೆ. ಕಾರು, ಸ್ಕೂಟರಿಗೆ ಹೈಡ್ರೋಜನ್ ಸರಿಯಾದ ದಾರಿ ಅಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅದರ ನಿಜವಾದ ಜಾಗ ಗೊಬ್ಬರದ ಕಾರ್ಖಾನೆ ಮತ್ತು ತೈಲ ಶುದ್ಧೀಕರಣ ಘಟಕ. ಅಲ್ಲಿ ಈಗಾಗಲೇ ಹೈಡ್ರೋಜನ್ ಬಳಸುತ್ತಾರೆ, ಬಹುಪಾಲು ನೈಸರ್ಗಿಕ ಅನಿಲದಿಂದ ಮಾಡಿಕೊಂಡು. ಆ ಅನಿಲದಲ್ಲಿ ಸುಮಾರು ಅರ್ಧ ಆಮದು. ಮಂಗಳೂರಿನಲ್ಲಿ ಈ ಎರಡೂ ಬಗೆಯ ಕಾರ್ಖಾನೆಗಳಿವೆ. ಕರಾವಳಿಯ ವಿದ್ಯಾರ್ಥಿಗೆ ಪ್ರಯೋಗಾಲಯದ ಪಕ್ಕದಲ್ಲೇ ಗಿರಾಕಿ ಇದ್ದಂತೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ದಾಸಪ್ಪ ಅವರ ತಂಡ ಕಟ್ಟಿಗೆಯಂಥ ಜೀವರಾಶಿಯಿಂದ ಹೈಡ್ರೋಜನ್ ತೆಗೆಯುತ್ತದೆ, ಒಂದು ಕಿಲೋದಿಂದ 100 ಗ್ರಾಂ. ನೀರು ಒಡೆಯುವುದೊಂದೇ ದಾರಿ ಅಂತ ತಿಳಿದವರು ಇದನ್ನು ಓದಬೇಕು.

ಕಲ್ಲಿದ್ದಲಿನಿಂದ ಎಣ್ಣೆ ಮಾಡುವ ದಾರಿಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ದಕ್ಷಿಣ ಆಫ್ರಿಕದ ಸಾಸೋಲ್ ಕಂಪನಿ 1955ರಿಂದ ಮಾಡುತ್ತಿದೆ, ತಂತ್ರಜ್ಞಾನ ಕೆಲಸ ಮಾಡುತ್ತದೆ. ಆದರೆ ಅವರ ಸೆಕುಂಡಾ ಸ್ಥಾವರ ಒಂದೇ ಜಾಗದಿಂದ ಅತಿ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ತಾಣಗಳಲ್ಲಿ ಒಂದು, ನಮ್ಮ ಕಲ್ಲಿದ್ದಲಲ್ಲಿ ಬೂದಿಯೇ ನೂರಕ್ಕೆ 35ರಿಂದ 45. ಹೊಸಬರಿಗೆ ಇದನ್ನು ಹೇಳಲಾರೆ.

ಅಡುಗೆಮನೆ

ಅಡುಗೆ ಗ್ಯಾಸಿನಲ್ಲಿ ನೂರಕ್ಕೆ ಸುಮಾರು 60 ಪಾಲು ಆಮದು. ಈ ಬಗ್ಗೆ ಸಂಶೋಧನೆ ಮಾಡುವವರು ಬಹಳ ಕಡಿಮೆ. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಕ್ತಿ ಇದೆ. ಗ್ಯಾಸ್ ಒಲೆಯಲ್ಲಿ ಅದರ ಮೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ ಪಾತ್ರೆಗೆ ಸೇರುತ್ತದೆ. ಇಂಡಕ್ಷನ್ ಒಲೆಯಲ್ಲಿ ಸುಮಾರು 130 ಯೂನಿಟ್ ಕರೆಂಟಿನಲ್ಲಿ ಅದೇ ಅಡುಗೆ ಆಗುತ್ತದೆ. ನಿಮ್ಮ ಕರೆಂಟ್ ದರಕ್ಕೆ ಗುಣಿಸಿ ನೋಡಿ, ಅಂಥ ದುಬಾರಿ ಏನಲ್ಲ.

ಹಾಗಾದರೆ ಯಾಕೆ ಬದಲಾಗಿಲ್ಲ? ಉತ್ತರ ಕರ್ನಾಟಕದ ಮನೆಗೆ ಹೋಗಿ ನೋಡಿ. ಜೋಳದ ರೊಟ್ಟಿ ಅಗಲವಾದ ಹಂಚಿನ ಅಂಚಿನವರೆಗೂ ಬೇಯಬೇಕು, ಕೊನೆಗೆ ಬೆಂಕಿಗೆ ತಾಗಿ ಉಬ್ಬಬೇಕು. ಇಂಡಕ್ಷನ್ ಒಲೆ ನಡುವೆ ಮಾತ್ರ ಕಾಯುತ್ತದೆ, ಉಬ್ಬಿದ ತಳದ ಹಂಚು ಅದರ ಮೇಲೆ ಕೂರುವುದೇ ಇಲ್ಲ. ಇನ್ನು ಹಳ್ಳಿಗಳಲ್ಲಿ ಸಂಜೆ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ. ಊರಿಗೆ ಊರೇ ಏಳು ಗಂಟೆಗೆ ಒಲೆ ಹಚ್ಚಿದರೆ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ರೊಟ್ಟಿ ಬೇಯಿಸುವ ಕರೆಂಟ್ ಹಂಚು, ಮಧ್ಯಾಹ್ನದ ಬಿಸಿಲಲ್ಲಿ ತುಂಬಿಕೊಂಡು ರಾತ್ರಿ ಅಡುಗೆಗೆ ಕೊಡುವ ಸಣ್ಣ ಬ್ಯಾಟರಿ ಅಥವಾ ಶಾಖದ ಪೆಟ್ಟಿಗೆ, ಊರಿಗೆ ಕರೆಂಟ್ ತರುವ ಲೈನಿನ (ಫೀಡರ್) ಮೇಲಿನ ಹೊರೆ ಹಂಚುವ ವ್ಯವಸ್ಥೆ: ಇವು ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗೂ ಎಟುಕುವ ವಿಷಯಗಳು. ಮಾಡುವವರಿಗೆ ಅವ್ವನೇ ಮೊದಲ ಪರೀಕ್ಷಕಿ. ಸೋಲಾರ್‌ನಿಂದ ಎಣ್ಣೆ ಆಮದು ಕಡಿಮೆ ಮಾಡುವ ಇನ್ನೊಂದು ಬಾಗಿಲು ಇದು, ಇದರ ಮುಂದೆ ನೂಕುನುಗ್ಗಲೂ ಇಲ್ಲ.

ಯಾರಿಗೆ ಯಾವುದು

ರಸಾಯನ ಅಥವಾ ವಸ್ತುವಿಜ್ಞಾನ ಓದಿ, ಸಲಕರಣೆ ಇರುವ ದೊಡ್ಡ ಸಂಸ್ಥೆ ಸಿಕ್ಕಿದ್ದರೆ ಸೋಡಿಯಂ ಬ್ಯಾಟರಿ ಅಥವಾ ಲೋಹ ಮರುಬಳಕೆ. ಜೀವವಿಜ್ಞಾನ, ಕೃಷಿಯವರಿಗೆ ಹುಲ್ಲಿನ ಎಥನಾಲ್ ಮತ್ತು ಬಗ್ಗಡ, ಇವೆರಡರಲ್ಲಿ ನಾನಾದರೆ ಬಗ್ಗಡವನ್ನೇ ಆರಿಸುತ್ತೇನೆ. ಎಲೆಕ್ಟ್ರಿಕಲ್‌ನವರಿಗೆ ಮೋಟಾರು ಮತ್ತು ಅಡುಗೆ. ಮೆಕ್ಯಾನಿಕಲ್‌ನವರು ಎಂಜಿನ್ ಕಾಲ ಮುಗಿಯಿತು ಅಂತ ಹೆದರಬೇಕಿಲ್ಲ. ಟ್ರ್ಯಾಕ್ಟರು, ಬೋಟು, ಜನರೇಟರು ಇನ್ನೂ ಬಹುಕಾಲ ಎಂಜಿನ್ನಿನಲ್ಲೇ ಓಡುತ್ತವೆ. ಅವಕ್ಕೆ ಬಯೋಗ್ಯಾಸ್, ಎಥನಾಲ್ ಹೊಂದಿಸುವವರು ಬೇಕು.

ಗೈಡ್ ಜೊತೆ ಮೊದಲ ಸಲ ಕೂತಾಗ ಹಿಂದಿನ ವಿದ್ಯಾರ್ಥಿಗಳ ಕೆಲಸ ಈಗ ಯಾರ ಕೈಯಲ್ಲಿದೆ ಅಂತ ಕೇಳಿ. ಬರೀ ಪೇಪರುಗಳ ಪಟ್ಟಿ ತೋರಿಸಿದರೆ ಇನ್ನೊಂದು ಲ್ಯಾಬ್ ಕೂಡ ನೋಡಿ ಬನ್ನಿ. ಡೀಸೆಲ್ ವಿಷಯ ಹಿಡಿಯುವವರು ಅರ್ಜಿ ಹಾಕುವ ಮುಂಚೆಯೇ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ಕೂರಬೇಕು. ಲಾರಿ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಡೀಸೆಲ್ ಹಿಡಿಯಿತು, ಖಾಲಿ ವಾಪಸ್ ಬಂದದ್ದು ಎಷ್ಟು ಸಲ, ಲೋಡಿಗಾಗಿ ಎಷ್ಟು ಹೊತ್ತು ಕಾಯಿತು, ಇದೆಲ್ಲ ಅಲ್ಲಿನ ಟ್ರಿಪ್ ಶೀಟಿನಲ್ಲಿ ಇರುತ್ತದೆ. ಕೇಳಿದರೆ ಕೊಡುತ್ತಾರೆ. ಪ್ರಬಂಧದ ಮೊದಲ ಅಧ್ಯಾಯಕ್ಕೆ ಬೇಕಾದ ಅಂಕಿಗಳು ಆ ಕಾಗದದಲ್ಲೇ ಸಿಗುತ್ತವೆ.